ಅಮೃತಹಳ್ಳಿಯಲ್ಲಿ ಗಮನವಿಟ್ಟು ಕೂತದ್ದು

ಮನಸ್ಸಿಟ್ಟು ಕೆಲಸ ಮಾಡಬೇಕು ಅಂತ ನಾನು ಕುರ್ಚಿ ಎಳೆದುಕೊಂಡು ಕೂತರೆ ಸಾಕು, ಎಲ್ಲೆಲ್ಲೋ ಇದ್ದವರಿಗೆಲ್ಲ ಏಕಕಾಲಕ್ಕೆ ನನ್ನ ನೆನಪಾಗುತ್ತದೆ. ಇದು ಮೊದಲಿಂದಲೂ ಹೀಗೇ. ಈಗಲೂ ಹೀಗೇ. ಆದರೆ ಯಶವಂತಪುರದ ಪಾರ್ಸೆಲ್ ಆಫೀಸಿನ ಸಾಫ್ಟ್‌ವೇರ್ ಮಾಡಿದ ಆ ಕೆಲವು ತಿಂಗಳಲ್ಲಿ ನಡೆದಷ್ಟು ಬೇರೆ ಯಾವಾಗಲೂ ನಡೆದಿಲ್ಲ.

ನಮ್ಮದು ಮೂರೇ ಜನರ ಕಂಪನಿ. ಅಮೃತಹಳ್ಳಿಯಲ್ಲಿ ಒಂದು ಮನೆಯ ಮೊದಲನೇ ಮಹಡಿ ಬಾಡಿಗೆಗೆ ಹಿಡಿದಿದ್ದೆವು. ಕಂಪನಿ ಕಟ್ಟಿದ ನಮ್ಮ ಸರ್, ಗದಗ ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟ ನಾನು, ಮತ್ತೆ ಮತ್ತಿಕೆರೆಯಿಂದ ದಿನಾ ಬೈಕಿನಲ್ಲಿ ಬರುತ್ತಿದ್ದ ಒಬ್ಬ ಪ್ರೋಗ್ರಾಮರ್. ಅಂಗಡಿ, ಗೋಡೌನು, ಸಣ್ಣ ಫ್ಯಾಕ್ಟರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು ನಮ್ಮ ಕೆಲಸ. ಅದಕ್ಕೂ ಮುಂಚೆ ಹಿಡಿದಿದ್ದ ಎರಡು ಕೆಲಸ ಅರ್ಧಕ್ಕೇ ನಿಂತುಹೋಗಿದ್ದವು. ಇದೂ ನಿಂತರೆ ಸರ್ ತಮ್ಮ ಭಾವಮೈದುನನ ಟೈಲ್ಸ್ ಅಂಗಡಿಯಲ್ಲಿ ಕೂರಬೇಕು, ನಾವಿಬ್ಬರು ಬಯೋಡೇಟಾ ಹಿಡಿದು ಅಲೆಯಬೇಕು. ಅಂಥ ಪರಿಸ್ಥಿತಿ.

ಪಾರ್ಸೆಲ್ ಆಫೀಸಿನ ಯಜಮಾನರಿಗೆ ಹತ್ತಾರು ಲಾರಿ. ಯಶವಂತಪುರದಿಂದ ದಾವಣಗೆರೆ, ಹುಬ್ಬಳ್ಳಿ ಅಂತ ಆ ಕಡೆ ಊರುಗಳಿಗೆಲ್ಲ ಮಾಲು ಸಾಗಿಸುತ್ತಿದ್ದರು. ಯಾವ ಪಾರ್ಸೆಲ್ ಬಂತು, ಯಾವ ಲಾರಿಗೆ ಏರಿತು, ಊರು ಮುಟ್ಟಿತೋ ಇಲ್ಲವೋ, ಇಷ್ಟು ಕಂಪ್ಯೂಟರಿನಲ್ಲಿ ಕಾಣಬೇಕು ಅನ್ನುವುದು ಅವರ ಆಸೆ. ನಮಗಿಂತ ಮುಂಚೆ ಒಬ್ಬರು ಇದೇ ಕೆಲಸ ಹಿಡಿದು ಕೈಕೊಟ್ಟು ಹೋಗಿದ್ದರು. ಅದಕ್ಕೇ ಯಜಮಾನರು ಮೊದಲನೇ ದಿನವೇ ಖಡಕ್ಕಾಗಿ ಹೇಳಿದರು: "ಆಯುಧ ಪೂಜೆಗೆ ಇದು ಶುರು ಆಗ್ಬೇಕು ಮೇಡಂ. ಆಗ್ಲಿಲ್ಲ ಅಂದ್ರೆ ಈ ಕಂಪ್ಯೂಟ್ರು ಮಾರ್ಬಿಟ್ಟು ಇನ್ನೆರಡು ಟಾರ್ಪಾಲ್ ತಗೊಂತೀನಿ. ಮಳೇಗಾದ್ರೂ ಆಗುತ್ತೆ."

ಆಗುತ್ತೆ ಸರ್, ಮಾಡೇ ಮಾಡ್ತೀವಿ ಅಂದೆ. ಆ ಮಾತು ಕೊಟ್ಟದ್ದು ನಾನು. ಹಾಗಾಗಿ ಹಠವೂ ನನ್ನದೇ.

ಮೌನದ ಹೊತ್ತು

ಕೆಲಸ ಶುರುವಾದ ಹೊಸತರಲ್ಲಿ ನಮ್ಮ ಸರ್ ಯಾವುದೋ ಹೋಟೆಲಿನಲ್ಲಿ ನಡೆದ ತರಬೇತಿಗೆ ಹೋಗಿ ಬಂದರು. ಗಮನ ಕೊಟ್ಟು ಕೆಲಸ ಮಾಡುವುದು ಹೇಗೆ ಅನ್ನುವುದರ ಮೇಲೆ ತರಬೇತಿ. ಬಂದವರೇ ಗೋಡೆ ಮೇಲೆ ಒಂದು ಹಾಳೆ ಅಂಟಿಸಿದರು. ಬೆಳಿಗ್ಗೆ ಹತ್ತರಿಂದ ಹನ್ನೆರಡು ಮೌನದ ಹೊತ್ತು. ಯಾರೂ ಯಾರನ್ನೂ ಮಾತಾಡಿಸಬಾರದು.

ನನಗೆ ಖುಷಿಯಾಯಿತು. ಮಾರನೇ ದಿನ ಹತ್ತಕ್ಕೆ ಸರಿಯಾಗಿ ಕೂತೆ. ಪಾರ್ಸೆಲ್ ಒಂದು ಲಾರಿಯಿಂದ ಇಳಿದು ಇನ್ನೊಂದು ಲಾರಿಗೆ ಏರಿದರೆ ಲೆಕ್ಕ ತಪ್ಪದ ಹಾಗೆ ನೋಡಿಕೊಳ್ಳುವ ಭಾಗ, ಅದನ್ನ ಬರೀತಿದ್ದೆ. ಸ್ವಲ್ಪ ಹೊತ್ತಿಗೆ ಹಿಂದೆ ಯಾರೋ ನಿಂತ ಹಾಗಾಯಿತು. ತಿರುಗಿದರೆ ಸರ್. ಚಪ್ಪಲಿ ಬಿಟ್ಟು, ತುದಿಗಾಲಿನಲ್ಲಿ ಬಂದಿದ್ದರು.

"ಏನ್ ಸರ್?"

"ಏನಿಲ್ಲ, ಏನಿಲ್ಲ. ನೀವು ಮಾಡಿ. ಗಮನ ಬರ್ತಿದೆ ತಾನೇ?"

ಬರ್ತಿದೆ ಅಂದೆ. ಅವರು ಅದೇ ತುದಿಗಾಲಿನಲ್ಲಿ ಮತ್ತಿಕೆರೆಯವನ ಹತ್ತಿರ ಹೋಗಿ ಅವನ ಕಿವಿಯಲ್ಲೂ ಅದನ್ನೇ ಕೇಳಿದರು. ಅವನು ಹೆಡ್‌ಫೋನ್ ಹಾಕಿದ್ದ. ಬೆಚ್ಚಿಬಿದ್ದು ಲೋಟದ ಕಾಫಿ ಕೀಬೋರ್ಡಿಗೆ ಚೆಲ್ಲಿದ. ಅದನ್ನು ಒರೆಸಿ, ಬೋರಲು ಹಾಕಿ, ಫ್ಯಾನಿನ ಕೆಳಗಿಟ್ಟು ಒಣಗಿಸುವಷ್ಟರಲ್ಲಿ ಹನ್ನೆರಡು.

ಒಂದು ವಾರ ಹೀಗೇ ನಡೆಯಿತು. ಕೊನೆಗೆ ನಾನೇ ಧೈರ್ಯ ಮಾಡಿದೆ. "ಸರ್, ತಪ್ಪು ತಿಳ್ಕೋಬೇಡಿ. ಹತ್ತರಿಂದ ಹನ್ನೆರಡು ನೀವು ಆಫೀಸಲ್ಲಿ ಇಲ್ದೇ ಇದ್ರೆ ಮೌನ ಇನ್ನೂ ಚೆನ್ನಾಗಿರುತ್ತೆ."

ಅವರು ದೊಡ್ಡ ಮನುಷ್ಯರು, ಬೇಜಾರು ಮಾಡಿಕೊಳ್ಳಲಿಲ್ಲ. "ಒಳ್ಳೇ ಪಾಯಿಂಟು" ಅಂದರು. ಮರುದಿನ ಹತ್ತಕ್ಕೆ ಕೆಳಗಿಳಿದು ತಮ್ಮ ಕಾರಿನಲ್ಲಿ ಹೋಗಿ ಕೂತರು. ಹತ್ತೂ ಕಾಲಿಗೆ ನನ್ನ ಫೋನ್ ಬಡಿದುಕೊಂಡಿತು.

"ಮೇಡಂ, ಕೆಳಗಿಂದ ಮಾಡ್ತಿದೀನಿ. ಮೌನ ಹೇಗ್ ನಡೀತಿದೆ?"

ಸೊಪ್ಪು

ನಮ್ಮ ಮನೆ ಓನರ್ ಅಮ್ಮ ಕೆಳಗಿನ ಮನೆಯಲ್ಲಿದ್ದರು. ಅಮೃತಹಳ್ಳಿ ಬರೀ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಕುಟುಂಬ. ಈಗ ಹೊಲ ಇದ್ದ ಕಡೆ ಬಾಡಿಗೆ ಮನೆಗಳು. ತಾರಸಿಗೆ ಹೋಗುವ ಮೆಟ್ಟಿಲು ನಮ್ಮ ಆಫೀಸಿನ ಒಳಗೇ ಇದ್ದದ್ದರಿಂದ ಅವರು ದಿನಕ್ಕೆ ಹಲವು ಸಲ ನಮ್ಮ ಮಧ್ಯದಿಂದಲೇ ಹಾದು ಹೋಗುತ್ತಿದ್ದರು. ಬಟ್ಟೆ ಹರವುವುದಕ್ಕೆ, ಮೆಣಸಿನಕಾಯಿ ಒಣಗಿಸುವುದಕ್ಕೆ, ಟ್ಯಾಂಕಿಗೆ ನೀರು ಬಂತಾ ನೋಡುವುದಕ್ಕೆ.

ಒಂದು ದಿನ ನನಗೆ ಒಂದು ತಪ್ಪು ಸಿಕ್ಕುತ್ತಿರಲಿಲ್ಲ. ತುಮಕೂರಿನಲ್ಲಿ ಇಳಿಯಬೇಕಾದ ಪಾರ್ಸೆಲ್ ಸಾಫ್ಟ್‌ವೇರ್ ಪ್ರಕಾರ ಎರಡು ಲಾರಿಯಲ್ಲಿ ಒಟ್ಟಿಗೇ ಹೋಗುತ್ತಿತ್ತು. ಬೆಳಿಗ್ಗೆಯಿಂದ ಗಲ್ಲಕ್ಕೆ ಕೈ ಕೊಟ್ಟು ಪರದೆಯನ್ನೇ ನೋಡುತ್ತಾ ಕೂತಿದ್ದೆ. ಅಮ್ಮ ಮೇಲೆ ಹೋಗುವಾಗ ನೋಡಿದರು. ಇಳಿಯುವಾಗ ನೋಡಿದರು. ಮತ್ತೆ ಹತ್ತುವಾಗ ನಿಂತೇ ಬಿಟ್ಟರು.

"ಏನವ್ವ, ಒತ್ತಾರೆಯಿಂದ ಇಂಗೇ ಕುಂತಿದ್ದೀಯ. ಕೆಲ್ಸ ಇಲ್ವಾ?"

"ಕೆಲ್ಸಾನೇ ಮಾಡ್ತಿದೀನಮ್ಮ."

ಅವರು ನನ್ನ ಕೈ ನೋಡಿದರು. ಕೈ ಗಲ್ಲದ ಮೇಲಿತ್ತು. ಕೆಳಗೆ ಹೋಗಿ ಒಂದು ಮೊರದ ತುಂಬ ಮೆಂತ್ಯ ಸೊಪ್ಪು ತಂದು ನನ್ನ ಮೇಜಿನ ಮೇಲಿಟ್ಟರು. "ಸುಮ್ಕೆ ಕುಂತಿದ್ದೀಯಲ್ಲ, ಇದನ್ನಾದ್ರೂ ಬಿಡ್ಸವ್ವ. ಸಂಜೆ ಸಾರಿಗೆ ಆಯ್ತದೆ."

ಬೇಡ ಅನ್ನೋಣ ಅಂದರೆ ಬಾಡಿಗೆ ಮನೆ. ಬಿಡಿಸಲು ಕೂತೆ. ಕಣ್ಣು ಪರದೆಯಿಂದ ಸರಿದು ಸೊಪ್ಪಿಗೆ ಹೋಯಿತು. ಒಂದೊಂದೇ ಕಡ್ಡಿ ಎತ್ತಿ ಎಲೆ ಬಿಡಿಸಿ ಹಾಕುತ್ತಿರುವಾಗ, ಅರ್ಧ ಮೊರ ಆಗಿತ್ತೇನೋ, ತಟ್ಟನೆ ಹೊಳೆಯಿತು. ಲಾರಿ ಬದಲಾದಾಗ ಹೊಸ ಲಾರಿಗೆ ಹತ್ತಿಸುತ್ತಿದ್ದೆ, ಹಳೆಯದರಿಂದ ಇಳಿಸಿಯೇ ಇರಲಿಲ್ಲ. ಸೊಪ್ಪು ಪಕ್ಕಕ್ಕಿಟ್ಟು ಸರಿ ಮಾಡಿದೆ. ಪಾರ್ಸೆಲ್ ಒಂದೇ ಲಾರಿಯಲ್ಲಿ ನೆಟ್ಟಗೆ ತುಮಕೂರಿಗೆ ಹೋಯಿತು.

ಅವತ್ತಿನಿಂದ ತಲೆ ನಿಂತಾಗೆಲ್ಲ ನಾನೇ ಕೆಳಗೆ ಹೋಗಿ ಕೇಳುತ್ತಿದ್ದೆ: "ಅಮ್ಮ, ಬಿಡ್ಸೋದು ಏನಾದ್ರೂ ಇದೆಯಾ?" ದಂಟು, ಪಾಲಕ್, ಬೆಳ್ಳುಳ್ಳಿ ಸಿಪ್ಪೆ, ಎಲ್ಲವೂ ಆಯಿತು. ಮತ್ತಿಕೆರೆಯವನೂ ಕಲಿತ. ನಮ್ಮ ಸರ್ ಒಂದು ಸಲ ಬಾಗಿಲು ತೆಗೆದು ನೋಡಿ, ಇಬ್ಬರೂ ಸೊಪ್ಪು ಬಿಡಿಸುತ್ತಿರುವುದು ಕಂಡು, ದೊಡ್ಡ ತೊಂದರೆಯೇ ಬಂದಿರಬೇಕು ಅಂತ ಮೆತ್ತಗೆ ಬಾಗಿಲು ಮುಂದೆ ಮಾಡಿಕೊಂಡು ಹೋದರು.

ಆಮೇಲೊಂದು ದಿನ ಯಾರೋ ಮನೆ ಹುಡುಕುತ್ತಾ ಬಂದು, ಮೇಲಿನ ಮಹಡಿ ಖಾಲಿ ಆಗುತ್ತಾ ಅಂತ ಅಮ್ಮನನ್ನು ಕೇಳಿದ್ದು ಕಿಟಕಿಯಲ್ಲಿ ಕೇಳಿಸಿತು. ಅಮ್ಮ ಖಂಡಿತವಾಗಿ ಹೇಳಿದರು: "ಇಲ್ಲ ಕಣಪ್ಪ. ಅವ್ರನ್ನ ಬಿಡಕ್ಕಿಲ್ಲ. ಬಾಡಿಗೇನೂ ಕೊಡ್ತಾರೆ, ಸೊಪ್ಪೂ ಬಿಡುಸ್ತಾರೆ."

ಹಾರನ್

ಯಜಮಾನರಿಗೆ ಹೊಳೆಯುವ ಬಯಕೆಗಳಿಗೆ ಹೊತ್ತುಗೊತ್ತು ಇರಲಿಲ್ಲ. ಒಂದು ಫೋನಿನಲ್ಲಿ, ಪರದೆಯ ಬಣ್ಣ ನಮ್ಮ ಲಾರಿ ಬಣ್ಣಕ್ಕೇ ಇರಲಿ. ಇನ್ನೊಂದರಲ್ಲಿ, ಮೇಲುಗಡೆ ಮನೆದೇವರ ಫೋಟೋ ಇರಲಿ. ಮತ್ತೊಂದರಲ್ಲಿ, ದೇವರ ಫೋಟೋ ಸ್ವಲ್ಪ ದೊಡ್ಡದಿರಲಿ, ನನ್ನ ಹೆಸರು ಸ್ವಲ್ಪ ಚಿಕ್ಕದಿರಲಿ, ಆದರೆ ಕಾಣೋ ಹಾಗಿರಲಿ.

ಒಂದೊಂದು ಫೋನಿಗೂ ನಾನು ಮಾಡುತ್ತಿದ್ದದ್ದು ಎಲ್ಲಿಗೆ ನಿಂತಿತ್ತು ಅಂತ ಹುಡುಕಿಕೊಳ್ಳಬೇಕು. ಕೊನೆಗೆ ವಿನಯವಾಗಿಯೇ ಹೇಳಿದೆ: "ಸರ್, ನೀವು ಪದೇ ಪದೇ ಫೋನ್ ಮಾಡ್ಬೇಡಿ. ಎಲ್ಲಾ ಒಟ್ಟಿಗೆ ಹೇಳಿ. ಇಲ್ದೇ ಇದ್ರೆ ಆಯುಧ ಪೂಜೆಗೆ ಮುಗಿಯಲ್ಲ."

"ಸರಿ ಮೇಡಂ, ನೀವು ಹೇಳಿದ್ ಮೇಲೆ ಮುಗೀತು. ಫೋನ್ ಮಾಡಲ್ಲ" ಅಂದರು.

ಎರಡು ದಿನ ಸ್ವರ್ಗ. ಮೂರನೇ ದಿನ ಬಾಗಿಲು ತಟ್ಟಿದ ಸದ್ದು. ತೆಗೆದರೆ ಯಜಮಾನರೇ ನಿಂತಿದ್ದಾರೆ. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಬೆವರಿ ಹೋಗಿದ್ದಾರೆ.

"ಫೋನ್ ಮಾಡ್ಬೇಡಿ ಅಂದ್ರಲ್ಲ ಮೇಡಂ. ಅದಕ್ಕೇ ಬಂದೆ."

ಬಂದದ್ದು ಹಾರನ್ನಿಗೆ. ಒಂದು ಬುಕಿಂಗ್ ಮುಗಿದರೆ ಕಂಪ್ಯೂಟರ್ ಲಾರಿ ಹಾರನ್ ಹೊಡೆಯಬೇಕು. ಯಾಕೆ ಸರ್ ಅಂದೆ. "ನಮ್ ಗುಮಾಸ್ತರು ಊಟ ಆದ್ಮೇಲೆ ಸ್ವಲ್ಪ ತೂಕಡಿಸ್ತಾರೆ. ಹಾರನ್ ಬರ್ಲಿಲ್ಲ ಅಂದ್ರೆ ಮಲಗಿದ್ದಾರೆ ಅಂತ ನಂಗೆ ಒಳಗಿಂದ್ಲೇ ಗೊತ್ತಾಗುತ್ತೆ."

ಇದು ಬೇಡ, ಮುಖ್ಯವಾದದ್ದು ಮೊದಲು ಮಾಡೋಣ ಅಂತ ನಾನು ಹೇಳಬೇಕು ಅನ್ನುವಷ್ಟರಲ್ಲಿ ಮತ್ತಿಕೆರೆಯವನ ಕಣ್ಣು ಹೊಳೆದಿತ್ತು. ಪಾಪ, ದಿನವಿಡೀ ರಸೀದಿ ಪ್ರಿಂಟು ಮಾಡುವ ಭಾಗ ಬರೆದು ಬರೆದು ಬೇಸತ್ತಿದ್ದ. ಯಜಮಾನರು ಅತ್ತ ಹೋದ ಮೇಲೆ ಇವನು ಬೈಕ್ ಹತ್ತಿ ಹೆದ್ದಾರಿಗೆ ಹೋಗಿ, ಹೋಗಿ ಬರುವ ಲಾರಿಗಳ ಹಾರನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದ. ಅದರಲ್ಲಿ ಒಳ್ಳೆಯದನ್ನು ಆರಿಸಿ ಕೂಡಿಸಿದ. ಕೂಡಿಸಿದ ಮೇಲೆ ಪರೀಕ್ಷೆ ಮಾಡಬೇಕಲ್ಲ. ಬುಕಿಂಗ್ ಮಾಡುತ್ತಾನೆ, ಹಾರನ್. ರದ್ದು ಮಾಡುತ್ತಾನೆ, ಮತ್ತೆ ಮಾಡುತ್ತಾನೆ, ಹಾರನ್. ದೊಡ್ಡ ಸ್ಪೀಕರ್ ಬೇರೆ. ನಾನು ಕಿವಿಗೆ ಹತ್ತಿ ತುರುಕಿಕೊಂಡು ನನ್ನ ಕೆಲಸ ನಾನು ಮಾಡುತ್ತಿದ್ದೆ. ಇವತ್ತು ಏನಾದರೂ ಆಗಲಿ, ತಲೆ ಎತ್ತಬಾರದು ಅಂತ ನಿರ್ಧಾರ ಮಾಡಿದ್ದೆ.

ಆಮೇಲೆ ಓನರ್ ಅಮ್ಮ ಏದುಸಿರು ಬಿಡುತ್ತಾ ಮೇಲೆ ಬಂದರು. ಆಗಿನಿಂದ ಗೇಟು ತೆಗೆದು ಹಾಕಿ, ತೆಗೆದು ಹಾಕಿ ಸುಸ್ತಾಗಿದ್ದರು.

"ಯಾವನವ್ವ ಅವ್ನು? ಬೀದಿ ತುಂಬ ನೋಡಿದೆ. ಗಾಡಿ ಕಾಣಕ್ಕಿಲ್ಲ, ಆರನ್ನು ಮಾತ್ರ ಒಡೀತಾವ್ನೆ."

ಬೀರು

ಹಾರನ್ ಪ್ರಸಂಗ ಆದ ಮೇಲೆ ಮತ್ತಿಕೆರೆಯವನಿಗೆ ತಾನೇ ನಾಚಿಕೆಯಾಯಿತು. "ಮೇಡಂ, ಎಲ್ಲಾ ಈ ಮೊಬೈಲಿಂದ ಆಗ್ತಿರೋದು. ಇದನ್ನ ಬೀರೂಲಿಟ್ಟು ಬೀಗ ಹಾಕಿ. ಬೀಗದ ಕೈ ನಿಮ್ ಹತ್ರಾನೇ ಇರ್ಲಿ. ನಾನು ಅತ್ತರೂ ಕೊಡ್ಬೇಡಿ" ಅಂದ. ಅವನೊಬ್ಬನದೇ ಇಟ್ಟರೆ ಅನ್ಯಾಯ ಅಂತ ನನ್ನದೂ ಇಟ್ಟೆ. ಸರ್ ಕೂಡ ತಮ್ಮದನ್ನು ತಂದು ಕೊಟ್ಟರು. ಅವರ ಮುಖ ಮಗುವನ್ನು ಮೊದಲನೇ ದಿನ ಸ್ಕೂಲಿಗೆ ಬಿಟ್ಟವರ ಹಾಗಿತ್ತು.

ಆಫೀಸಿನಲ್ಲಿ ಇದ್ದದ್ದು ಹಳೇ ಕಬ್ಬಿಣದ ಬೀರು. ಅದರೊಳಗೆ ಫೋನ್ ಬಂದರೆ ಇಡೀ ಬೀರು ನಡುಗುತ್ತಿತ್ತು. ಮೊದಲನೇ ಸಲ ನಡುಗಿದಾಗ ಮೂವರೂ ತಲೆ ಎತ್ತಿದೆವು. ತೆಗೆಯುವ ಹಾಗಿಲ್ಲ. ಆದರೆ ಯಾರದು ಅಂತ ಊಹೆ ಮಾಡಬಾರದು ಅಂತ ನಿಯಮದಲ್ಲಿ ಇರಲಿಲ್ಲ.

"ಅದು ನಿಮ್ಮನೆಯವ್ರು ಮೇಡಂ" ಅಂದ ಮತ್ತಿಕೆರೆಯವನು.

"ನಿಂಗೆ ಹೇಗ್ ಗೊತ್ತು?"

"ಈ ಹೊತ್ತಿಗೇ ಅಲ್ವಾ ಅವ್ರು ಕುಕ್ಕರ್ ಎಷ್ಟ್ ಕೂಗ್ಬೇಕು ಅಂತ ಕೇಳೋದು."

ನಿಜ. ನನ್ನ ಗಂಡನಿಗೆ ಆ ತಿಂಗಳು ಬೆಳಗಿನ ಪಾಳಿ ಇರಲಿಲ್ಲ, ಮಧ್ಯಾಹ್ನದ ಅಡುಗೆ ಅವರದೇ. ಬೇಳೆಗೆ ಎಷ್ಟು ಕೂಗು ಅಂತ ಎಷ್ಟು ಸಲ ಹೇಳಿದರೂ ಮರುದಿನ ಮತ್ತೆ ಕೇಳುತ್ತಿದ್ದರು. ಅವತ್ತು ಫೋನ್ ಎತ್ತದೇ ಇದ್ದದ್ದಕ್ಕೆ ಅವರೇ ಅಂದಾಜಿನ ಮೇಲೆ ಮಾಡಿದರಂತೆ. ಮನೆಗೆ ಹೋಗಿ ತಿಂದೆ. ಬೇಳೆ ಚೆನ್ನಾಗಿಯೇ ಬೆಂದಿತ್ತು. ಅವತ್ತಿನಿಂದ ಕೇಳುವುದೂ ನಿಂತಿತು. ಬೀರುವಿನಿಂದ ನಮ್ಮ ಸಂಸಾರಕ್ಕೂ ಅನುಕೂಲವೇ ಆಯಿತು.

ಮೂರು ದಿನ ಕೆಲಸ ಅದ್ಭುತವಾಗಿ ಸಾಗಿತು. ನಾಲ್ಕನೇ ದಿನ ಮತ್ತಿಕೆರೆಯವನು ಮುಖ ಸಣ್ಣ ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತ.

"ಮೇಡಂ, ನನ್ ಫೋನ್ ಆಚೆ ಕೊಟ್ಬಿಡಿ."

"ಯಾಕೋ? ನೀನೇ ತಾನೇ ಹೇಳಿದ್ದು, ಅತ್ತರೂ ಕೊಡ್ಬೇಡಿ ಅಂತ."

"ಕೆಲ್ಸಕ್ಕೇನೂ ತೊಂದ್ರೆ ಇಲ್ಲ ಮೇಡಂ. ಆದ್ರೆ ಮೂರು ದಿನದಿಂದ ಸಂಜೆ ತೆಗೆದು ನೋಡ್ತಿದೀನಿ. ನಿಮಗೆ ಬರುತ್ತೆ, ಸರ್‌ಗೆ ಬರುತ್ತೆ. ನಂಗೆ ಒಬ್ರೂ ಮಾಡಿಲ್ಲ." ಬೀರುವಿನ ಕಡೆ ನೋಡಿ ಹೇಳಿದ: "ಕೈಯಲ್ಲಿದ್ದಿದ್ರೆ ಈ ವಿಷ್ಯ ನಂಗೆ ಗೊತ್ತೇ ಆಗ್ತಿರ್ಲಿಲ್ಲ."

ಫೋನ್ ವಾಪಸ್ ಕೊಟ್ಟೆ. ಆವತ್ತು ಊಟದ ಹೊತ್ತಿಗೆ ಎದುರು ಮೇಜಿನಿಂದ ನಾನೇ ಅವನಿಗೊಂದು ಫೋನ್ ಮಾಡಿದೆ. ಅವನು ನನ್ನ ಕಡೆ ನೋಡಿ, ಗಂಭೀರವಾಗಿ, "ಕೆಲ್ಸದಲ್ಲಿದೀನಿ ಮೇಡಂ, ಆಮೇಲ್ ಮಾಡಿ" ಅಂತ ಇಟ್ಟುಬಿಟ್ಟ.

ನಮ್ಮ ಕಡೆಯವರು

ಆಯುಧ ಪೂಜೆ ಹತ್ತಿರ ಬಂದಾಗ ಸಾಫ್ಟ್‌ವೇರನ್ನು ಅದರ ಜಾಗದಲ್ಲೇ ನಡೆಸಿ ನೋಡಬೇಕಿತ್ತು. ಕೆಲವು ದಿನ ನಾನು ಯಶವಂತಪುರದ ಪಾರ್ಸೆಲ್ ಆಫೀಸಿನಲ್ಲೇ ಕೂತೆ. ಆಗ ಅಲ್ಲಿ ಮೆಟ್ರೋ ಕೆಲಸ ನಡೆಯುತ್ತಿತ್ತು. ಹೊರಗೆ ಕ್ರೇನಿನ ಸದ್ದು, ಒಳಗೆ ಮೂಟೆ ಎಸೆಯುವ ಸದ್ದು, ಮಧ್ಯೆ ಬಟ್ಟೆ ಗಂಟು, ಪಂಪ್‌ಸೆಟ್ಟು, ಪ್ಲಾಸ್ಟಿಕ್ ಕೊಡಗಳ ಗುಡ್ಡೆ. ಅದರ ಸಂದಿಯಲ್ಲಿ ನನ್ನ ಮೇಜು. ನನಗೆ ಆಶ್ಚರ್ಯ ಅಂದರೆ ಆ ಗದ್ದಲದಲ್ಲಿ ಕೆಲಸ ಚೆನ್ನಾಗಿಯೇ ಆಗುತ್ತಿತ್ತು. ಅಲ್ಲಿ ಯಾರಿಗೂ ನನ್ನನ್ನು ಮಾತಾಡಿಸಲು ಪುರುಸೊತ್ತು ಇರಲಿಲ್ಲ.

ಅದು ಕೆಟ್ಟದ್ದು ನನ್ನ ಬಾಯಿಂದಲೇ. ಟೀ ತಂದುಕೊಟ್ಟ ಹಮಾಲಿಗೆ "ಅಲ್ಲೇ ಇಡ್ರಿ" ಅಂದೆ. ಅಷ್ಟೇ. ಅವನು ಲೋಟ ಹಿಡಿದೇ ನಿಂತ.

"ಅಕ್ಕಾರ, ನೀವು ನಮ್ಮ ಕಡ್ಯಾವ್ರೇನ್ರಿ?"

ಹೌದ್ರಿ, ಗದಗ ಅಂದೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿದ್ದ ನಮ್ಮ ಕಡೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಹೋದರು. ಒಬ್ಬನಿಗೆ ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು ಅಂತ ಕೇಳಬೇಕು. ಇನ್ನೊಬ್ಬನಿಗೆ ಇಲ್ಲಿ ಜೋಳದ ಹಿಟ್ಟು ಎಲ್ಲಿ ಚೆನ್ನಾಗಿ ಬೀಸಿಕೊಡುತ್ತಾರೆ ಅಂತ ತಿಳಿಯಬೇಕು. ಮತ್ತೊಬ್ಬ ಬರೀ ಕೂತ. ಏನ್ರಿ ಅಂದರೆ, "ಏನಿಲ್ರಿ, ಮಾತು ಕೇಳಾಕ ಬಂದೆ" ಅಂದ. ಅವನನ್ನು ಎದ್ದು ಹೋಗು ಅನ್ನುವುದು ಹೇಗೆ? ಸಂಜೆಯಾದಾಗ ನೋಡಿದರೆ ನಾನು ಮಾಡಿದ ಕೆಲಸ ಅರ್ಧ ಪುಟವೂ ಇಲ್ಲ.

ಮಾರನೇ ದಿನ ಗಟ್ಟಿ ಮನಸ್ಸು ಮಾಡಿ, ಪಕ್ಕಾ ಬೆಂಗಳೂರು ಕನ್ನಡದಲ್ಲಿ ಕೂತೆ. ಟೀಗೆ "ಅಲ್ಲಿ ಇಡಿ, ತಗೋತೀನಿ" ಅಂದೆ. ಲೋಡಿಂಗಿಗೆ ಹೊಸದಾಗಿ ಬಂದ ಒಬ್ಬ ಬಂದು, "ನೀವು ಗದಗನಾವ್ರಂತಲ್ರಿ?" ಅಂತ ಕೇಳಿದ. "ಇಲ್ಲ ಕಣ್ರೀ, ಯಾರೋ ತಪ್ಪ್ ಹೇಳಿದಾರೆ. ನಾನು ಇಲ್ಲೇ" ಅಂದೆ. ಅವನು ಪೆಚ್ಚಾಗಿ ಮೂಟೆಗಳ ಹಿಂದೆ ಹೋದ. ನನಗೆ ಪಾಪ ಅನ್ನಿಸಿತು. ಆದರೆ ಮಾತು ಕೊಟ್ಟಾಗಿದೆ, ದಿನ ಉಳಿದಿಲ್ಲ.

ಮಧ್ಯಾಹ್ನದವರೆಗೂ ತಲೆ ಎತ್ತಲಿಲ್ಲ. ಬುಕಿಂಗಿನ ಕೊನೆಯ ಭಾಗ ಆಗುತ್ತಾ ಬಂದಿತ್ತು. ಸೇವ್ ಮಾಡಬೇಕು ಅಂತ ಕೈ ಇಟ್ಟೆ, ಕಂಪ್ಯೂಟರ್ ಅಲುಗಾಡದೆ ನಿಂತುಬಿಟ್ಟಿತು.

"ಅಯ್ಯ ಇದರ ಹಣೇಬಾರಾ. ಈಗರ ನೆಟ್ಟಗ ನಡದಿತ್ತಲ್ಲ, ಏನ್ ಬ್ಯಾನಿ ಬಂತ ಇದಕ್ಕ" ಅಂದುಬಿಟ್ಟೆ. ಮೂಟೆಗಳ ಹಿಂದಿನಿಂದ ನಿಧಾನವಾಗಿ ಒಂದು ದನಿ ಬಂತು.

"ನಾ ಹೇಳಿದ್ದಿಲ್ಲೇನ? ಗದಗಾನ ಅದು."

ಪೂಜೆ

ಆಯುಧ ಪೂಜೆಯ ಹಿಂದಿನ ಸಂಜೆ ಸಾಫ್ಟ್‌ವೇರ್ ಮುಗಿಯಿತು. ನಿಜವಾಗಿ ಮುಗಿಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸರ್ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದರು.

ಮಾರನೇ ಬೆಳಿಗ್ಗೆ ಒಳ್ಳೇ ಸೀರೆ ಉಟ್ಟು ಯಶವಂತಪುರಕ್ಕೆ ಹೋದೆ. ಮತ್ತಿಕೆರೆಯವನೂ ಬಂದಿದ್ದ. ಲಾರಿಗಳೆಲ್ಲ ತೊಳೆಸಿಕೊಂಡು, ಬಾಳೆ ಕಂದು ಕಟ್ಟಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು ಸಾಲಾಗಿ ನಿಂತಿದ್ದವು. ಒಳಗೆ ಕಂಪ್ಯೂಟರಿಗೂ ಹಾರ. ಪರದೆಗೆ ಮೂರು ಎಳೆ ವಿಭೂತಿ, ನಡುವೆ ಕುಂಕುಮ. ಮೌಸಿನ ಮೇಲೆ ಒಂದು ಸೇವಂತಿಗೆ. ನನಗೆ ಕಣ್ಣು ತುಂಬಿ ಬಂತು. ಸ್ವಿಚ್ಚಿಗೆ ಕೈ ಹಾಕಿದೆ.

"ಹಾಂ ಹಾಂ, ಮೇಡಂ, ಏನ್ ಮಾಡ್ತಿದೀರಾ?" ಅಂದರು ಯಜಮಾನರು.

"ಶುರು ಮಾಡ್ತಿದೀನಿ ಸರ್."

"ಇವತ್ತಾ? ಇವತ್ತು ಆಯುಧ ಮುಟ್ಟಂಗಿಲ್ಲ. ಲಾರೀನೇ ನಿಲ್ಸಿದೀನಿ, ಇದನ್ನ ಹೆಂಗ್ ಓಡ್ಸೋದು?"

"ನೀವೇ ಹೇಳಿದ್ರಲ್ಲ ಸರ್, ಆಯುಧ ಪೂಜೆಗೆ ಶುರು ಆಗ್ಬೇಕು ಅಂತ."

"ಹೌದು, ಪೂಜೆಗೆ ಅಂದೆ. ಪೂಜೆ ಆಗ್ತಾ ಇದೆಯಲ್ಲ."

ಮೂರು ತಿಂಗಳು ಮೌನ ಮಾಡಿ, ಸೊಪ್ಪು ಬಿಡಿಸಿ, ಫೋನಿಗೆ ಬೀಗ ಹಾಕಿ ಓಡಿ ಬಂದದ್ದು ಈ ಸ್ವಿಚ್ಚನ್ನು ಮುಟ್ಟದೇ ನಿಲ್ಲುವುದಕ್ಕೆ. ನಾನು ಕೈ ಕಟ್ಟಿ ಪಕ್ಕಕ್ಕೆ ಸರಿದೆ.

ಪುರೋಹಿತರು ಲಾರಿಗಳನ್ನು ಮುಗಿಸಿ ಒಳಗೆ ಬಂದರು. ಮಂಗಳಾರತಿ ಆಯಿತು. ನಿಂಬೆಹಣ್ಣು ಹಿಡಿದು ಕಂಪ್ಯೂಟರಿನ ಸುತ್ತ ನೋಡಿದರು. "ಇದನ್ನ ಎಲ್ಲಿ ಇಡೋದು? ಇದಕ್ಕೆ ಚಕ್ರ ಇಲ್ಲ" ಅಂದರು. ಯಜಮಾನರು ಯೋಚನೆಗೆ ಬಿದ್ದರು. ಅವರ ಪ್ರಕಾರ ನಿಂಬೆಹಣ್ಣು ತುಳಿಯದೆ ಹೊರಟದ್ದು ಯಾವುದೂ ಸುರಕ್ಷಿತವಾಗಿ ಊರು ಮುಟ್ಟುವುದಿಲ್ಲ.

ಆಗ ಮತ್ತಿಕೆರೆಯವನು ಸುಮ್ಮನಿರಬಾರದೇ? "ಕುರ್ಚಿಗೆ ಚಕ್ರ ಇದೆ ಸರ್" ಅಂದ.

ಕುರ್ಚಿಯ ಒಂದೊಂದು ಚಕ್ರದ ಮುಂದೂ ಒಂದೊಂದು ನಿಂಬೆಹಣ್ಣು ಬಂತು. ಖಾಲಿ ಗಾಡಿ ಓಡಿಸಬಾರದು ಅಂತ ಅವನನ್ನೇ ಅದರ ಮೇಲೆ ಕೂರಿಸಿದರು. ಅವನ ಹಣೆಗೂ ಕುಂಕುಮ ಬಿತ್ತು, ಕೊರಳಿಗೆ ಮಿಕ್ಕಿದ್ದ ಹಾರವೂ ಬಿತ್ತು. ಇಬ್ಬರು ಹಮಾಲಿಗಳು ಹಿಂದಿನಿಂದ ಒಮ್ಮೆ ನೂಕಿದರು. ನಿಂಬೆಹಣ್ಣು ಪಚಕ್ಕಂತು. ಕುರ್ಚಿ ನಿಲ್ಲಲಿಲ್ಲ. ಬಾಗಿಲು ದಾಟಿ, ಇಳಿಜಾರಿನಲ್ಲಿ ಜಾರಿ, ಸಾಲಾಗಿ ನಿಂತ ಲಾರಿಗಳ ಮಧ್ಯೆ ಹೋಗಿ ನಿಂತಿತು.

ಯಜಮಾನರು ಕೈ ಮುಗಿದರು. "ಇನ್ನೇನ್ ಯೋಚ್ನೆ ಇಲ್ಲ ಮೇಡಂ. ಗಾಡಿ ಚೆನ್ನಾಗಿ ಎಳೀತಿದೆ."

ಮೊದಲನೇ ಪಾರ್ಸೆಲ್

ವಿಜಯದಶಮಿ ಬೆಳಿಗ್ಗೆ ಕೊನೆಗೂ ಶುರುವಾಯಿತು. ಗುಮಾಸ್ತರು ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಹಿಂದೆ ಯಜಮಾನರು, ಅವರ ಹಿಂದೆ ನಾವು ಮೂವರು, ನಮ್ಮ ಹಿಂದೆ ಡ್ರೈವರುಗಳು, ಹಮಾಲಿಗಳು.

ಮೊದಲನೇ ಪಾರ್ಸೆಲ್ ತಮ್ಮದೇ ಬುಕ್ ಆಗಬೇಕು ಅಂತ ಯಜಮಾನರ ಆಸೆ. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತರಿಸಿಟ್ಟಿದ್ದರು. ಒಳಗೆ ಮೈಸೂರ್ ಪಾಕು. "ಇದು ನಿಮಗೇ ಮೇಡಂ. ನಿಮ್ ಆಫೀಸಿಗೆ ನಮ್ ಲಾರೀಲೇ ಕಳ್ಸ್ತೀನಿ. ಮೊದ್ಲು ನಿಮ್ ಬಾಯಿ ಸಿಹಿ ಆಗ್ಬೇಕು" ಅಂದರು. ನಮ್ಮ ಸರ್ ಕರಗಿಹೋದರು.

ಗುಮಾಸ್ತರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಕಳಿಸುವವರು, ಯಜಮಾನರ ಹೆಸರು. ತಲುಪಬೇಕಾದ ಊರು, ಅಮೃತಹಳ್ಳಿ. ಒತ್ತಿದರು. ಹಾರನ್ ಬರಲಿಲ್ಲ. ಪರದೆಯ ಮೇಲೆ ಕೆಂಪಗೆ ಒಂದು ಸಾಲು ಬಂತು: ಈ ಊರಿಗೆ ನಮ್ಮ ಲಾರಿ ಹೋಗುವುದಿಲ್ಲ.

ಗುಮಾಸ್ತರು ಕನ್ನಡಕ ಸರಿ ಮಾಡಿಕೊಂಡರು. ಮತ್ತೆ ಒತ್ತಿದರು. ಮತ್ತೆ ಅದೇ.

ಇದು ಯಜಮಾನರೇ ಮಾಡಿಸಿದ ಕಟ್ಟುಪಾಡು. ಪರಿಚಯದವರು ಬಂದು ಕೇಳಿದರೆ ಗುಮಾಸ್ತರು ಯಾವ ಊರಿಗಾದರೂ ಬುಕ್ ಮಾಡಿಬಿಡುತ್ತಿದ್ದರು, ಲಾರಿ ದಾರಿ ಬಿಟ್ಟು ಸುತ್ತಬೇಕಾಗುತ್ತಿತ್ತು. ನಾವು ಹೋಗುವ ಊರು ಬಿಟ್ಟು ಬೇರೆ ಊರು ತಗೋಬಾರದು, ಯಾರೇ ಹೇಳಲಿ ತಗೋಬಾರದು ಅಂತ ಅವರೇ ಖುದ್ದಾಗಿ ಹೇಳಿದ್ದರು.

"ಏನ್ ಮೇಡಂ ಇದು?" ಅಂದರು ಯಜಮಾನರು.

ನಮ್ಮ ಸರ್ ನನ್ನ ಕಿವಿಯಲ್ಲಿ, "ಸೇರಿಸ್ಬಿಡಿ, ಎರಡು ನಿಮಿಷದ ಕೆಲ್ಸ" ಅಂದರು. ಎರಡು ನಿಮಿಷದ ಕೆಲಸವೇ. ಆದರೆ ಮೊದಲನೇ ಪಾರ್ಸೆಲ್ಲಿಗೇ ಸಡಿಲ ಬಿಟ್ಟರೆ ಎರಡನೆಯದಕ್ಕೂ ಯಾರೋ ಕೇಳುತ್ತಾರೆ. ಇಷ್ಟು ದಿನ ಯಾರು ಏನು ಹೇಳಿದರೂ ಅಲುಗಾಡದೆ ಕೂತವಳು ಈಗ ಯಾಕೆ ಅಲುಗಾಡಲಿ ಅನ್ನಿಸಿತು. ಹೇಳಿದೆ: "ಸಾಫ್ಟ್‌ವೇರ್ ಸರಿಯಾಗೇ ಇದೆ ಸರ್. ಅಮೃತಹಳ್ಳಿಗೆ ನಿಮ್ಮ ಲಾರಿ ಹೋಗಲ್ಲ."

"ನಾನ್ ಹೇಳಿದ್ರೆ ಹೋಗುತ್ತೆ."

"ಹೋಗುತ್ತೆ ಸರ್. ಆದ್ರೆ ಯಾರೇ ಹೇಳಿದ್ರೂ ತಗೋಬಾರ್ದು ಅಂದಿದ್ರಿ."

ಯಜಮಾನರು ಪರದೆಯ ಹತ್ತಿರ ಬಗ್ಗಿದರು. "ಅದಕ್ಕೆ ನಾನು ಯಾರು ಅಂತ ಹೇಳಿ ಮೇಡಂ."

"ಅದಕ್ಕೆ ಗೊತ್ತು ಸರ್. ಕಳಿಸೋರ ಜಾಗದಲ್ಲಿ ನಿಮ್ಮ ಹೆಸರೇ ಇದೆ."

"ಗೊತ್ತಿದ್ದೂ ಆಗಲ್ಲ ಅಂತಿದೆಯಾ?"

"ಹೌದು ಸರ್."

ಸರ್ ಕಣ್ಣು ಮುಚ್ಚಿಕೊಂಡರು. ಬಹುಶಃ ಟೈಲ್ಸ್ ಅಂಗಡಿ ಕಾಣುತ್ತಿತ್ತೇನೋ. ಯಜಮಾನರು ಆ ಕೆಂಪು ಸಾಲನ್ನು ಮತ್ತೊಮ್ಮೆ ನಿಧಾನವಾಗಿ ಓದಿದರು. ಆಮೇಲೆ ಗುಮಾಸ್ತರ ಹೆಗಲ ಮೇಲೆ ಕೈ ಇಟ್ಟರು.

"ನೋಡಿದ್ರಾ? ಇದು ನನ್ ಮಾತೇ ಕೇಳಲ್ಲ, ಇನ್ನು ನಿಮ್ ಮಾತು ಏನ್ ಕೇಳುತ್ತೆ." ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು. "ಇಂಥದ್ದೇ ಬೇಕಾಗಿತ್ತು ಮೇಡಂ ನಂಗೆ. ಇರ್ಲಿ ಇದು."

ಆಮೇಲೆ ದಾವಣಗೆರೆಗೆ ಒಂದು ಬಟ್ಟೆ ಗಂಟು ಬುಕ್ ಆಯಿತು. ಹಾರನ್ ಹೊಡೆಯಿತು. ರಸೀದಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಮತ್ತು ಮತ್ತಿಕೆರೆಯವನು ಅಲ್ಲೇ ಉಳಿದರು. ಮನೆಯಲ್ಲಿ ಬನ್ನಿ ಪೂಜೆ ಇತ್ತು, ಅದಕ್ಕೆ ಮುಂಚೆ ಆಫೀಸಿಗೆ ಹೋಗಿ ಬೀಗ ಹಾಕಬೇಕಿತ್ತು, ನಾನು ಹೊರಟೆ. ಲಾರಿಯಲ್ಲಿ ಹೋಗಲಾಗದ ಮೈಸೂರ್ ಪಾಕಿನ ಪೆಟ್ಟಿಗೆಯನ್ನು ಯಜಮಾನರು ನನ್ನ ಕೈಗೇ ಕೊಟ್ಟರು.

ಸಿಟಿ ಬಸ್ಸಿನಲ್ಲಿ ಅದನ್ನು ತೊಡೆ ಮೇಲಿಟ್ಟುಕೊಂಡು ಕೂತೆ. ಹೊರಗೇನೂ ಕಾಣುತ್ತಿರಲಿಲ್ಲ. ಕಂಡಕ್ಟರ್ ಬಂದು ಪೆಟ್ಟಿಗೆಯ ಮೇಲೆ ಬೆರಳಿನಿಂದ ಕುಟ್ಟಿದರು. "ಇದಕ್ಕೆ ಲಗೇಜ್ ತಗೋಬೇಕು ಮೇಡಂ. ಎಲ್ಲಿಗೆ?"

ಅಮೃತಹಳ್ಳಿ ಅಂದೆ.

ಅವರು ಮಷೀನಿನಲ್ಲಿ ಟಕ್ ಟಕ್ ಅಂತ ಒತ್ತಿದರು. ಅದರಲ್ಲಿ ಅಮೃತಹಳ್ಳಿ ಇತ್ತು.